ತುಮಕೂರಿನಲ್ಲಿ ಕೆಲಸ ಬಿಟ್ಟು ಇನ್ನೊಂದು ಕೆಲಸಕ್ಕೆ ಹೋಗುವ ಮುನ್ನ: ಸಂಬಳದ ಪಟ್ಟಿ ಮಾಡುವವಳ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಒಬ್ಬ ಹುಡುಗ ರಾಜೀನಾಮೆ ಪತ್ರ ಹಿಡಿದು ನನ್ನ ಟೇಬಲ್ ಹತ್ತಿರ ಬಂದ. ಮ್ಯಾನೇಜರ್ ಆಗಲೇ ಸಹಿ ಹಾಕಿದ್ದರು. ನಾನು ಅವನ ಫೈಲ್ ತೆಗೆದು ಸೇರಿದ ದಿನಾಂಕ ನೋಡಿದೆ. ಕೊನೆಯ ದಿನಕ್ಕೆ ಲೆಕ್ಕ ಹಾಕಿದರೆ ನಾಲ್ಕು ವರ್ಷ ಎಂಟು ತಿಂಗಳು. ಇನ್ನು ನಾಲ್ಕು ತಿಂಗಳು ಇದ್ದಿದ್ದರೆ ಐದು ವರ್ಷ ತುಂಬಿ ಅವನಿಗೆ 43,269 ರೂಪಾಯಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಸೇವಾ ಹಣ) ಬರುತ್ತಿತ್ತು. "ಯಾರೂ ಹೇಳಲೇ ಇಲ್ಲ ಮೇಡಂ" ಅಂದ. ಹೊಸ ಕಂಪನಿಗೆ ತಾರೀಕು ಕೊಟ್ಟಾಗಿತ್ತು. ನಾನು ಏನೂ ಮಾಡುವ ಹಾಗಿರಲಿಲ್ಲ.

ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಹನ್ನೊಂದು ವರ್ಷದಿಂದ ಸಂಬಳದ ಪಟ್ಟಿ ಮಾಡುತ್ತಿದ್ದೇನೆ. ಮೂರು ಸಲ ನಾನೇ ಕೆಲಸ ಬದಲಾಯಿಸಿದ್ದೇನೆ. ಕೆಲಸ ಬಿಡುವುದು ತಪ್ಪು ಅಂತ ನಾನು ಯಾರಿಗೂ ಹೇಳುವುದಿಲ್ಲ. ನನ್ನ ಸಂಬಳ ಏರಿದ್ದೇ ಹಾಗೆ. ಆದರೆ ನಮ್ಮ ಕಡೆಯ ಹುಡುಗರು, ಹುಡುಗಿಯರು ಒಂದೇ ಒಂದು ಅಂಕಿ ನೋಡಿ ಬಿಡುತ್ತಾರೆ. "ಅಲ್ಲಿ ಮೂವತ್ತೈದು ಕೊಡ್ತಾರಂತೆ" ಅಷ್ಟೇ. ಆ ಮೂವತ್ತೈದನ್ನು ಬಿಡಿಸಿ ನೋಡುವುದು ಹೇಗೆ, ಯಾವ ದಿನ ಬಿಡಬೇಕು, ಯಾವ ಕಾಗದ ಕೈಗೆ ಬಂದಿರಬೇಕು ಅಂತ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ಒಂದು ನೋಟ್‌ಬುಕ್, ನಿಮ್ಮ ಕೊನೆಯ ಮೂರು ಪೇಸ್ಲಿಪ್, ನಿಮ್ಮ ಅಪಾಯಿಂಟ್‌ಮೆಂಟ್ ಪತ್ರ ಇಟ್ಟುಕೊಂಡು ಓದಿ.

ಹೆಜ್ಜೆ 1: ಯಾಕೆ ಬಿಡಬೇಕು ಅಂತ ಬರೆದಿಡಿ

ಸಿಟ್ಟು ಬಂದ ದಿನ ಬರೆಯಬೇಡಿ. ಸೂಪರ್‌ವೈಸರ್ ಎಲ್ಲರ ಮುಂದೆ ಬೈದ ದಿನ ಯಾರಿಗಾದರೂ ಪೇಪರ್ ಹಾಕಬೇಕು ಅನಿಸುತ್ತದೆ. ಒಂದು ವಾರ ಬಿಟ್ಟು, ವಾರದ ರಜೆಯ ದಿನ ಕೂತು ಬರೆಯಿರಿ. ಸಂಬಳ ಕಡಿಮೆಯಾ? ಕೆಲಸ ಕಲಿಯುವುದು ನಿಂತಿದೆಯಾ? ರಾತ್ರಿ ಶಿಫ್ಟ್ ಮೈಗೆ ಆಗುತ್ತಿಲ್ಲವಾ? ಅಥವಾ ಒಬ್ಬ ಮನುಷ್ಯನ ಕಾಟವಾ?

ಇದು ಯಾಕೆ ಮುಖ್ಯ ಅಂದರೆ, ಒಂದೊಂದಕ್ಕೆ ಮದ್ದು ಬೇರೆ. ಒಬ್ಬರ ಕಾಟ ಆದರೆ ಬೇರೆ ವಿಭಾಗ ಕೇಳಿ ನೋಡಬಹುದು. ಶಿಫ್ಟ್ ತೊಂದರೆ ಆದರೆ ಹೊಸ ಕಡೆ ಜನರಲ್ ಶಿಫ್ಟ್ ಸಿಗುತ್ತದಾ ಅಂತ ಮೊದಲೇ ಕೇಳಬೇಕು. ಸಂಬಳ ಮತ್ತು ಬೆಳವಣಿಗೆಯೇ ಕಾರಣ ಆದರೆ ಮುಂದಿನ ಹೆಜ್ಜೆಗಳೆಲ್ಲ ನಿಮಗೇ.

ಹೆಜ್ಜೆ 2: ಈಗ ಕೈಗೆ ಬರುವುದು ನಿಜವಾಗಿ ಎಷ್ಟು?

ನೂರಕ್ಕೆ ತೊಂಬತ್ತು ಜನ ಪೇಸ್ಲಿಪ್ ಓದುವುದಿಲ್ಲ. ಬ್ಯಾಂಕ್ ಮೆಸೇಜ್ ಓದುತ್ತಾರೆ, ಅಲ್ವಾ? ಪೇಸ್ಲಿಪ್ ತೆಗೆಯಿರಿ. ಒಂದು ಉದಾಹರಣೆ ಹಾಕುತ್ತೇನೆ, ನಿಮ್ಮ ಅಂಕಿ ಇಟ್ಟು ಹೀಗೇ ಮಾಡಿ.

ಒಟ್ಟು ಸಂಬಳ 20,500. ಅದರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) 15,000. ಆ 15,000ದ ಮೇಲೆ ಪಿಎಫ್ (ಭವಿಷ್ಯ ನಿಧಿ) ಶೇ. 12 ಅಂದರೆ 1,800 ಹೋಗುತ್ತದೆ. ಇಎಸ್‌ಐ (ಕಾರ್ಮಿಕರ ವೈದ್ಯಕೀಯ ವಿಮೆ) ಒಟ್ಟು ಸಂಬಳದ ಶೇ. 0.75 ಅಂದರೆ 154. ವೃತ್ತಿ ತೆರಿಗೆ ಇಲ್ಲ, ಯಾಕೆಂದರೆ ಕರ್ನಾಟಕದಲ್ಲಿ ಅದು ತಿಂಗಳಿಗೆ 25,000 ಅಥವಾ ಅದಕ್ಕಿಂತ ಜಾಸ್ತಿ ಇರುವವರಿಗೆ. ಕೈಗೆ 18,546.

ಇಷ್ಟಕ್ಕೆ ನಿಲ್ಲಬೇಡಿ. ಪಕ್ಕದಲ್ಲಿ ಇವನ್ನೂ ಬರೆಯಿರಿ: ಕಂಪನಿ ಬಸ್ಸು, ಕ್ಯಾಂಟೀನ್ ಊಟ, ವರ್ಷದ ಬೋನಸ್, ಓಟಿ (ಶಿಫ್ಟ್ ಮುಗಿದ ಮೇಲಿನ ಹೆಚ್ಚುವರಿ ಕೆಲಸದ ದುಡ್ಡು). ಓಟಿಯನ್ನು ಮರೆಯುವವರೇ ಜಾಸ್ತಿ. ಕಾನೂನಿನ ಪ್ರಕಾರ ಓಟಿಗೆ ಎರಡು ಪಟ್ಟು ದರ. 20,500ನ್ನು 26 ದಿನ, 8 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 98.50 ರೂಪಾಯಿ. ಎರಡು ಪಟ್ಟು ಅಂದರೆ ಸುಮಾರು 197. ತಿಂಗಳಿಗೆ 20 ಗಂಟೆ ಓಟಿ ಮಾಡುವವರಿಗೆ ಹತ್ತಿರ ಹತ್ತಿರ 3,940 ಬರುತ್ತದೆ. ಹೊಸ ಕಂಪನಿಯಲ್ಲಿ ನಿಮ್ಮನ್ನು 'ಸ್ಟಾಫ್ ಗ್ರೇಡ್' ಅಂತ ತೆಗೆದುಕೊಂಡರೆ ಓಟಿ ಇರುವುದಿಲ್ಲ ಅನ್ನುವುದು ತುಂಬಾ ಕಡೆ ಇರುವ ಪದ್ಧತಿ. ಎಂಟು ಗಂಟೆ ಮುಗಿದ ಮೇಲೂ ಕೂರಬೇಕು, ದುಡ್ಡು ಮಾತ್ರ ಅಷ್ಟೇ. ಹುದ್ದೆಯ ಹೆಸರು ದೊಡ್ಡದಾಯಿತು ಅಂತ ಮನೆಯಲ್ಲಿ ಖುಷಿ ಪಡುತ್ತಾರೆ, ತಿಂಗಳ ಕೊನೆಯಲ್ಲಿ ಲೆಕ್ಕ ಕೂಡುವುದಿಲ್ಲ. ಇಂಥವರನ್ನು ನಾನು ಹತ್ತಾರು ಜನ ನೋಡಿದ್ದೇನೆ.

ಹೆಜ್ಜೆ 3: ಹೊಸ ಅಂಕಿಯನ್ನು ಬಿಡಿಸಿ

ಬೆಂಗಳೂರಿನ ಪೀಣ್ಯದ ಒಂದು ಕಂಪನಿ "ಸಿಟಿಸಿ 4.2 ಲಕ್ಷ" ಅನ್ನುತ್ತದೆ ಅಂದುಕೊಳ್ಳಿ. ಹನ್ನೆರಡರಿಂದ ಭಾಗಿಸಿದರೆ 35,000. ಆದರೆ ಸಿಟಿಸಿ ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್ ಪಾಲು, ನೀವು ಐದು ವರ್ಷ ಇದ್ದರೆ ಮಾತ್ರ ಸಿಗುವ ಗ್ರಾಚ್ಯುಟಿ, ಗುರಿ ಮುಟ್ಟಿದರೆ ಮಾತ್ರ ಕೊಡುವ ವೇರಿಯಬಲ್, ವಿಮೆಯ ಪ್ರೀಮಿಯಂ ಎಲ್ಲ ಅದರೊಳಗೇ ಇರುತ್ತವೆ.

ಬೇಸಿಕ್ 17,500 ಇದ್ದರೆ ಲೆಕ್ಕ ಹೀಗೆ. 35,000ದಿಂದ ಕಂಪನಿಯ ಪಿಎಫ್ ಪಾಲು 1,800 ಕಳೆಯಿರಿ. ಗ್ರಾಚ್ಯುಟಿ ಬೇಸಿಕ್‌ನ ಶೇ. 4.81, ಅಂದರೆ 842 ಕಳೆಯಿರಿ. ವೇರಿಯಬಲ್ ವರ್ಷಕ್ಕೆ 24,000 ಅಂತ ಇದ್ದರೆ ತಿಂಗಳಿಗೆ 2,000 ಕಳೆಯಿರಿ. ವಿಮೆಗೆ 500. ಉಳಿಯುವುದು 29,858. ಇದು ಪೇಸ್ಲಿಪ್‌ನಲ್ಲಿ ಕಾಣುವ ಒಟ್ಟು ಸಂಬಳ. ಇದರಲ್ಲಿ ನಿಮ್ಮ ಪಿಎಫ್ ಪಾಲು 1,800, ವೃತ್ತಿ ತೆರಿಗೆ 200 ಹೋಗುತ್ತದೆ (ಫೆಬ್ರವರಿಯಲ್ಲಿ 300). ಕೈಗೆ 27,858.

ಇಲ್ಲಿ ಪಿಎಫ್ 15,000 ಮಿತಿಯ ಮೇಲೆ ಹಿಡಿದಿದ್ದೇನೆ. ಕೆಲವು ಕಡೆ ಪೂರ್ತಿ ಬೇಸಿಕ್ ಮೇಲೆ ಹಿಡಿಯುತ್ತಾರೆ. ಆಗ ಕೈಗೆ ಇನ್ನೂ ಕಡಿಮೆ, ಉಳಿತಾಯ ಜಾಸ್ತಿ. ಅದು ನಷ್ಟವಲ್ಲ, ಆದರೆ ಗೊತ್ತಿರಬೇಕು.

ಎಚ್‌ಆರ್‌ಗೆ ಕೇಳಬೇಕಾದ ಮಾತು ಒಂದೇ: "ತಿಂಗಳ ಕೊನೆಗೆ ನನ್ನ ಅಕೌಂಟಿಗೆ ಎಷ್ಟು ಬರುತ್ತೆ? ಸಂಬಳದ ಬ್ರೇಕಪ್, ಅಂದರೆ ಬಿಡಿ ಬಿಡಿ ಲೆಕ್ಕ, ಕಳಿಸಿ." ನಾಚಿಕೆ ಬೇಡ. ಒಳ್ಳೆಯ ಕಂಪನಿ ಅರ್ಧ ದಿನದಲ್ಲಿ ಕಳಿಸುತ್ತದೆ. ಕಳಿಸಲು ಹಿಂದೇಟು ಹಾಕಿದರೆ ಅದೂ ಒಂದು ಉತ್ತರವೇ.

ಹೆಜ್ಜೆ 4: ದಾರಿ ಮತ್ತು ಬಾಡಿಗೆ

ತುಮಕೂರಿನವರ ಲೆಕ್ಕ ಕೂಡುವುದು, ತಪ್ಪುವುದು ಎರಡೂ ಇಲ್ಲೇ. ಬೆಂಗಳೂರು ಬರೀ 70 ಕಿಲೋಮೀಟರ್. ಹೋಗಿ ಬರಬಹುದು ಅನಿಸುತ್ತದೆ. ಅಲ್ಲೇ ಇರಬಹುದು ಅಂತಲೂ ಅನಿಸುತ್ತದೆ. ಎರಡನ್ನೂ ಕಾಗದದ ಮೇಲೆ ಇಳಿಸಿ.

ಅಲ್ಲೇ ಇದ್ದರೆ: ಊಟ ಸೇರಿ ಪಿಜಿಗೆ 8,000, ವಾರಕ್ಕೊಮ್ಮೆ ಊರಿಗೆ ಬರಲು ತಿಂಗಳಿಗೆ 1,000, ಮೇಲಿನ ಖರ್ಚು 1,000 ಅಂತ ಹಿಡಿದರೂ 10,000 ಹೋಯಿತು. 27,858ರಲ್ಲಿ ಉಳಿಯುವುದು 17,858. ಈಗ ಮನೆಯಲ್ಲಿದ್ದುಕೊಂಡು ಕೈಗೆ ಬರುತ್ತಿರುವುದು 18,546. ಮೂವತ್ತೈದು ಸಾವಿರದ ಕೆಲಸ, ಇಪ್ಪತ್ತೂವರೆ ಸಾವಿರದ ಕೆಲಸಕ್ಕಿಂತ ಕಡಿಮೆ ಉಳಿಸಿತು. ಈ ಲೆಕ್ಕ ತೋರಿಸಿದಾಗ ನನ್ನ ತಂಗಿಯೇ ನಂಬಲಿಲ್ಲ, ಕ್ಯಾಲ್ಕುಲೇಟರ್ ಕಿತ್ತುಕೊಂಡು ಎರಡು ಸಲ ಮಾಡಿದಳು.

ಓಡಾಡಿದರೆ: ರೈಲಿನ ಸೀಸನ್ ಪಾಸ್, ಯಶವಂತಪುರದಿಂದ ಮುಂದಕ್ಕೆ ಮೆಟ್ರೋ ಅಥವಾ ಬಸ್, ಟೀ ತಿಂಡಿ ಎಲ್ಲ ಸೇರಿ 3,000 ಅಂತ ಇಟ್ಟುಕೊಳ್ಳಿ. 24,858 ಉಳಿಯುತ್ತದೆ. ಚೆನ್ನಾಗಿ ಕಾಣುತ್ತದೆ. ಆದರೆ ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲಿ. ತಿಂಗಳಿಗೆ 26 ದಿನ ಅಂದರೆ 104 ಗಂಟೆ. ಹದಿಮೂರು ಶಿಫ್ಟ್‌ನಷ್ಟು ಸಮಯ ಸೀಟಿನ ಮೇಲೆ, ಎಷ್ಟೋ ದಿನ ನಿಂತುಕೊಂಡೇ. ಗಂಟೆಗೆ ಎಷ್ಟು ಬಿತ್ತು ನೋಡೋಣ. ಈಗ ಕೆಲಸ ಎಂಟು ಗಂಟೆ, ಕಂಪನಿ ಬಸ್ಸಿನಲ್ಲಿ ಒಂದು ಗಂಟೆ, ತಿಂಗಳಿಗೆ 234 ಗಂಟೆ. 18,546ನ್ನು ಭಾಗಿಸಿದರೆ ಗಂಟೆಗೆ 79 ರೂಪಾಯಿ. ಅಲ್ಲಿ ದಿನಕ್ಕೆ 12 ಗಂಟೆ, ತಿಂಗಳಿಗೆ 312. ಗಂಟೆಗೆ 80 ರೂಪಾಯಿ. ಒಂದೇ ಒಂದು ರೂಪಾಯಿ ವ್ಯತ್ಯಾಸ.

ಹೆಣ್ಣುಮಕ್ಕಳಿಗೆ ಇದೇ ಲೆಕ್ಕ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸು, ಬಿಎಂಟಿಸಿ ಸಾಮಾನ್ಯ ಬಸ್ಸು ಎರಡರಲ್ಲೂ ನಮಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ಅನ್ವಯಿಸುವುದಿಲ್ಲ. ದಾರಿ ಖರ್ಚು ಸೊನ್ನೆ ಆದರೆ ಮೇಲಿನ ಉದಾಹರಣೆಯಲ್ಲಿ ಗಂಟೆಗೆ 89 ರೂಪಾಯಿ ಬೀಳುತ್ತದೆ. ನಮ್ಮ ಬೀದಿಯ ಇಬ್ಬರು ಹೆಣ್ಣುಮಕ್ಕಳು ಬೆಂಗಳೂರಿನ ಕೆಲಸ ಒಪ್ಪಿಕೊಂಡಿದ್ದೇ ಇದರಿಂದ. ಆದರೆ ಒಂದು ಮಾತು. ಎಲ್ಲ ಬಸ್ಸೂ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್‌ನಲ್ಲಿ ನಿಲ್ಲುವುದಿಲ್ಲ, ಕೆಲವು ಮೇಲ್ಸೇತುವೆ ಹತ್ತಿ ಗೊರಗುಂಟೆಪಾಳ್ಯಕ್ಕೆ ಹೋಗಿಬಿಡುತ್ತವೆ. ಮೆಟ್ರೋ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿದೆ. ಅಲ್ಲಿ ಇಳಿದು ಮೆಟ್ರೋ ಹಿಡಿದರೆ ಟ್ರಾಫಿಕ್ ತಪ್ಪುತ್ತದೆ, ಮೆಟ್ರೋಗೆ ಮಾತ್ರ ದುಡ್ಡು ಕೊಡಬೇಕು.

ಒಪ್ಪಿಕೊಳ್ಳುವ ಮುಂಚೆ ಒಂದು ಸೋಮವಾರ ರಜೆ ಹಾಕಿ, ಕೆಲಸಕ್ಕೆ ಹೋಗುವ ಹೊತ್ತಿಗೇ ಹೊರಟು ಆ ಗೇಟಿನವರೆಗೆ ಹೋಗಿ ಬನ್ನಿ. ಸಂಜೆ ಬಿಡುವ ಹೊತ್ತಿಗೇ ವಾಪಸ್ ಹೊರಡಿ. ಆ ಒಂದು ದಿನ ಹೇಳಿಕೊಡುವಷ್ಟನ್ನು ನಾನು ಬರೆದು ಹೇಳಲಾರೆ.

ಊರಿನಲ್ಲೇ ಏನಿದೆ ಅಂತಲೂ ನೋಡಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್ ಇದೆ, ಫುಡ್ ಪಾರ್ಕ್ ಇದೆ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರೂ ಒಂದು ಕೇಂದ್ರ. ಊರಿನಲ್ಲೇ 26,000 ಕೊಡುವವರು ಸಿಕ್ಕರೆ ಅದು ಪೀಣ್ಯದ 35,000ಕ್ಕಿಂತ ಮೇಲು. ಇದು ನನ್ನ ಅಭಿಪ್ರಾಯ. ನಿಮ್ಮ ನೋಟ್‌ಬುಕ್ ಬೇರೆ ಹೇಳಿದರೆ ಅದನ್ನೇ ನಂಬಿ.

ಹೆಜ್ಜೆ 5: ಇಎಸ್‌ಐ ಹೋದರೆ ಏನು?

21,000 ಮೀರಿದ ಸಂಬಳಕ್ಕೆ ಹೊಸ ಕೆಲಸ ಸೇರಿದರೆ ಇಎಸ್‌ಐ ಇರುವುದಿಲ್ಲ. ಹುಡುಗರು ಇದನ್ನು ದೊಡ್ಡ ವಿಷಯ ಅಂದುಕೊಳ್ಳುವುದಿಲ್ಲ. "ಇಎಸ್‌ಐ ಆಸ್ಪತ್ರೆಗೆ ಯಾರು ಹೋಗ್ತಾರೆ" ಅನ್ನುತ್ತಾರೆ. ಅಪ್ಪನಿಗೆ ಡಯಾಲಿಸಿಸ್ ಶುರುವಾದ ಮನೆಯವರನ್ನು ಕೇಳಿ ನೋಡಿ.

ತಿಂಗಳಿಗೆ ನೂರೈವತ್ತು ರೂಪಾಯಿ ಕಟ್ಟಿ ಗಂಡ, ಹೆಂಡತಿ, ಮಕ್ಕಳು, ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮ ಎಲ್ಲರಿಗೂ ಚಿಕಿತ್ಸೆ ಸಿಗುವ ವ್ಯವಸ್ಥೆ ಇದು. ಚಿಕಿತ್ಸೆಯ ಖರ್ಚಿಗೆ ಇಷ್ಟೇ ಅಂತ ಮಿತಿ ಇಲ್ಲ. ಹೊಸ ಕಂಪನಿಯ ಗುಂಪು ವಿಮೆಯಲ್ಲಿ ಎಷ್ಟೋ ಕಡೆ ನೀವು, ಸಂಗಾತಿ, ಮಕ್ಕಳು ಮಾತ್ರ. ಅಪ್ಪ ಅಮ್ಮ ಇರುವುದಿಲ್ಲ. ಅದಕ್ಕೆ ಎರಡು ಪ್ರಶ್ನೆ ಕೇಳಿ. ವಿಮೆ ಎಷ್ಟು ಲಕ್ಷದ್ದು? ಅಪ್ಪ ಅಮ್ಮನನ್ನು ಸೇರಿಸಬಹುದಾ, ಸೇರಿಸಿದರೆ ನನ್ನ ಸಂಬಳದಿಂದ ಎಷ್ಟು ಹಿಡಿಯುತ್ತೀರಿ? ಮನೆಯಲ್ಲಿ ಯಾರಿಗಾದರೂ ಈಗಲೇ ಇಎಸ್‌ಐನಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ, ಕಟ್ಟಿದ ವಂತಿಗೆಯ ಮೇಲೆ ಇನ್ನೆಷ್ಟು ತಿಂಗಳು ಸೌಲಭ್ಯ ಮುಂದುವರಿಯುತ್ತದೆ ಅಂತ ಡಿಸ್ಪೆನ್ಸರಿಯಲ್ಲಿ ವಿಚಾರಿಸಿ, ಆಮೇಲೆ ತಾರೀಕು ಇಟ್ಟುಕೊಳ್ಳಿ.

ಮಗುವಿನ ಯೋಚನೆ ಇರುವ ಹೆಣ್ಣುಮಕ್ಕಳು ಇನ್ನೂ ಹುಷಾರಾಗಿರಬೇಕು. ಇಎಸ್‌ಐ ಇದ್ದರೆ, ಹೆರಿಗೆ ಸೌಲಭ್ಯಕ್ಕೆ ಹಿಂದಿನ ಎರಡು ವಂತಿಗೆ ಅವಧಿಯಲ್ಲಿ (ಒಂದೊಂದು ಆರು ತಿಂಗಳು) 70 ದಿನದ ವಂತಿಗೆ ಇರಬೇಕು. ಕಂಪನಿ ಬದಲಾದರೂ ನಿಮ್ಮ ಇಎಸ್‌ಐ ನಂಬರ್ ಅದೇ, ಆದ್ದರಿಂದ ತೊಂದರೆ ಕಡಿಮೆ. ಇಎಸ್‌ಐ ಇಲ್ಲದ ಕೆಲಸಕ್ಕೆ ಹೋದರೆ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಆ ಹೊಸ ಕಂಪನಿಯಲ್ಲೇ 80 ದಿನ ಕೆಲಸ ಮಾಡಿರಬೇಕು. ಆಗ ಮಾತ್ರ ಸಂಬಳದ ಜೊತೆ ರಜೆ, ಮೊದಲ ಎರಡು ಮಕ್ಕಳಿಗೆ 26 ವಾರ. ದಿನ ಎಣಿಸಿ ನೋಡಿ.

ಹೆಜ್ಜೆ 6: 'ಬೆಳವಣಿಗೆ' ಅಂದರೆ ಏನು ಅಂತ ಕೇಳಿ

ಸಂದರ್ಶನದಲ್ಲಿ ಎಲ್ಲರೂ "ಇಲ್ಲಿ ಗ್ರೋತ್ ಚೆನ್ನಾಗಿದೆ" ಅನ್ನುತ್ತಾರೆ. ಅದನ್ನು ಅಳೆಯಲು ಬರುವ ಪ್ರಶ್ನೆ ಮಾಡಿ. ನಾನು ಸೇರುವ ಹುದ್ದೆಯಲ್ಲಿ ಮೊದಲು ಇದ್ದವರು ಈಗ ಎಲ್ಲಿದ್ದಾರೆ? ಬಡ್ತಿ ಸಿಕ್ಕಿ ಮೇಲೆ ಹೋದರಾ, ಬಿಟ್ಟು ಹೋದರಾ? ಹೋದ ವರ್ಷ ಇನ್‌ಕ್ರಿಮೆಂಟ್ ಯಾವ ತಿಂಗಳು ಆಯಿತು? ಪ್ರೊಬೇಷನ್ ಎಷ್ಟು ತಿಂಗಳು?

ಸಿಎನ್‌ಸಿ ಆಪರೇಟರ್ ಇನ್ನೊಂದು ಕಡೆಯೂ ಆಪರೇಟರ್ ಆಗಿಯೇ ಹೋದರೆ ಎರಡು ಮೂರು ಸಾವಿರ ಏರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಸೆಟ್ಟಿಂಗ್ ಕಲಿಸುತ್ತಾರೆ, ಪ್ರೋಗ್ರಾಮಿಂಗ್ ಕೈಗೆ ಕೊಡುತ್ತಾರೆ ಅಂದರೆ ಅದು ಬೇರೆ ಮಾತು. ಅಂಥ ಕಡೆ ಮೊದಲ ವರ್ಷ ಸಂಬಳ ಸ್ವಲ್ಪ ಕಡಿಮೆ ಇದ್ದರೂ ಹೋಗಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಲೆಕ್ಕ ಬಿಟ್ಟು ನಾನು ಮಾತಾಡುವ ಜಾಗ ಇದೊಂದೇ. ನನ್ನ ಎರಡನೇ ಕೆಲಸದಲ್ಲಿ ಬರೀ 1,200 ರೂಪಾಯಿ ಜಾಸ್ತಿ ಕೊಟ್ಟರು. ಆದರೆ ಪಿಎಫ್ ರಿಟರ್ನ್, ಇಎಸ್‌ಐ, ಜಿಎಸ್‌ಟಿ ಎಲ್ಲ ಅಲ್ಲಿ ಕಲಿತೆ. ಮೂರನೇ ಕೆಲಸ ಸಿಕ್ಕಿದ್ದು ಅದರಿಂದ.

ಅಪ್ರೆಂಟಿಸ್ ಆಗಿರುವ ಐಟಿಐ ಹುಡುಗರಿಗೆ ಒಂದು ಮಾತು: ಅವಧಿ ಮುಗಿಯುವ ಮುಂಚೆ ಬಿಡಬೇಡಿ. ಆ ಸರ್ಟಿಫಿಕೇಟ್ ಮುಂದೆ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 7: ಈಗಿರುವ ಕಡೆ ಒಂದು ಸಲ ಕೇಳಿ

ಬೇರೆ ಆಫರ್ ತೋರಿಸಿ ಹೆದರಿಸುವುದು ಬೇಡ. ಆಫರ್ ಬರುವ ಮುಂಚೆಯೇ, ಮಾಡಿದ ಕೆಲಸ ಪಟ್ಟಿ ಮಾಡಿಕೊಂಡು ಹೋಗಿ ಕೇಳಿ. ಎಷ್ಟು ಬೇಕು ಅಂತ ಅಂಕಿ ಹೇಳಿ. ಕೊಟ್ಟರೆ ಒಳ್ಳೆಯದು. "ನೋಡೋಣ" ಅಂದರೆ ಯಾವ ತಿಂಗಳು ಅಂತ ಕೇಳಿ. ಅದಕ್ಕೂ ಉತ್ತರ ಇಲ್ಲದಿದ್ದರೆ ನಿಮ್ಮ ಮನಸ್ಸು ಹಗುರಾಗುತ್ತದೆ.

ರಾಜೀನಾಮೆ ಕೊಟ್ಟ ಮೇಲೆ ಜಾಸ್ತಿ ಮಾಡುತ್ತೇವೆ ಇರಿ ಅಂದರೆ, ನನ್ನ ಸಲಹೆ ಹೊರಟುಬಿಡಿ ಅಂತ. ಹಾಗೆ ಉಳಿದವರು ವರ್ಷದೊಳಗೆ ಮತ್ತೆ ನನ್ನ ಟೇಬಲ್ ಹತ್ತಿರ ಬಂದಿದ್ದನ್ನೇ ಜಾಸ್ತಿ ನೋಡಿದ್ದೇನೆ.

ಹೆಜ್ಜೆ 8: ಕಾಗದ ಕೈಗೆ ಬರುವವರೆಗೆ ಬಾಯಿ ಬಿಡಬೇಡಿ

ನನ್ನ ಮೊದಲ ಕೆಲಸ ಬಿಟ್ಟಿದ್ದು ಒಂದು ಫೋನ್ ಕರೆ ನಂಬಿ. "ಸೆಲೆಕ್ಟ್ ಆಗಿದ್ದೀರಿ, ಒಂದನೇ ತಾರೀಕು ಬನ್ನಿ" ಅಂದರು. ಖುಷಿಯಲ್ಲಿ ಮಾರನೇ ದಿನವೇ ರಾಜೀನಾಮೆ ಕೊಟ್ಟೆ. ನೋಟಿಸ್ ಮುಗಿಸಿ ಹೋದರೆ, ಆ ಹುದ್ದೆ ಸದ್ಯಕ್ಕೆ ನಿಲ್ಲಿಸಿದ್ದೇವೆ, ತಿಳಿಸುತ್ತೇವೆ ಅಂದರು. ಎರಡು ತಿಂಗಳು ಮನೆಯಲ್ಲಿ ಕೂತೆ. ಚೀಟಿ ಕಟ್ಟಲು ಅಮ್ಮ ಓಲೆ ಅಡ ಇಟ್ಟರು. ಆ ಓಲೆ ಬಿಡಿಸಲು ವರ್ಷ ಹಿಡಿಯಿತು. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆದ್ದರಿಂದ ಆಫರ್ ಲೆಟರ್ ಕಂಪನಿಯ ಇಮೇಲ್‌ನಿಂದ ಬಂದಿರಬೇಕು. ಅದರಲ್ಲಿ ಹುದ್ದೆ, ಕೆಲಸದ ಜಾಗ, ಸಂಬಳದ ಬ್ರೇಕಪ್, ಸೇರುವ ದಿನ, ಪ್ರೊಬೇಷನ್, ನೋಟಿಸ್ ಅವಧಿ ಇರಬೇಕು. ನೇರವಾಗಿ ಕಂಪನಿಯ ಹೆಸರಿನಲ್ಲಾ, ಗುತ್ತಿಗೆದಾರರ ಹೆಸರಿನಲ್ಲಾ ಅಂತ ನೋಡಿ. ಗೇಟಿನ ಮೇಲಿನ ಬೋರ್ಡು ಒಂದು, ಪತ್ರದ ತಲೆಬರಹ ಇನ್ನೊಂದು ಇರುವುದು ನಮ್ಮ ಕಡೆ ಮಾಮೂಲು.

ಕೆಲಸ ಕೊಡಿಸಲು ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಸರ್ಕಾರಿ ಕಾರ್ಖಾನೆಯ ಹೆಸರು ಹೇಳಿ ಡೆಪಾಸಿಟ್ ಕೇಳಿದರೆ ಅದು ಮೋಸ. ಮಾರ್ಕ್ಸ್ ಕಾರ್ಡ್‌ಗಳ ಮೂಲ ಪ್ರತಿ ಯಾವ ಕಂಪನಿಗೂ ಇಟ್ಟುಕೊಳ್ಳಲು ಬಿಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ.

ಅನುಭವ ಜಾಸ್ತಿ ಹೇಳಿ ಸೇರುವ ಆಸೆ ಬೇಡ. ನಿಮ್ಮ ಯುಎಎನ್‌ನಲ್ಲಿ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಎಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಇದ್ದಿರಿ ಅಂತ ಇರುತ್ತದೆ. ನನ್ನಂಥವರು ನೋಡುವುದು ಅದನ್ನೇ.

ಹೆಜ್ಜೆ 9: ಬಿಡುವ ದಿನ ಆರಿಸುವುದು

ಐದು ವರ್ಷ ತುಂಬಿದರೆ ಗ್ರಾಚ್ಯುಟಿ. ಕೊನೆಯ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. 15,000ಕ್ಕೆ ಐದು ವರ್ಷ ಅಂದರೆ 43,269. ಐದು ತುಂಬಿದ ಮೇಲೆ ಆರು ತಿಂಗಳು ಮೀರಿದ ತುಂಡು ಪೂರ್ತಿ ವರ್ಷಕ್ಕೆ ಲೆಕ್ಕ. ಆರು ವರ್ಷ ಏಳು ತಿಂಗಳು ಇದ್ದರೆ ಏಳು. ಹಾಗಾಗಿ ಆರು ವರ್ಷ ಐದು ತಿಂಗಳಾಗಿರುವವರು ಇನ್ನೊಂದು ಎರಡು ತಿಂಗಳು ಇದ್ದರೆ 8,654 ಜಾಸ್ತಿ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅದರಲ್ಲಿ ನಿಗದಿತ ಅವಧಿಗೆ ಕಂಪನಿಯೇ ನೇರವಾಗಿ ತೆಗೆದುಕೊಂಡ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ನಿಮ್ಮ ಪತ್ರದಲ್ಲಿ ಏನಿದೆ ಅಂತ ಓದಿ ನೋಡಿ.

ಬೋನಸ್ ಬಗ್ಗೆ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಆಯುಧಪೂಜೆಗೆ ಮುಂಚೆ ಬಿಟ್ಟರೆ ಬೋನಸ್ ಹೋಯಿತು ಅಂತ. ಹಾಗಲ್ಲ. ಬೋನಸ್ ನಿಯಮಕ್ಕೆ ಒಳಪಡುವ ಸಂಬಳದವರು ಆ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೆ, ಮಾಡಿದಷ್ಟಕ್ಕೆ ಬೋನಸ್ ಬರಬೇಕು, ಕನಿಷ್ಠ ಶೇ. 8.33. ಬಿಟ್ಟು ಹೋದವರು ಬಂದು ಕೇಳುವುದಿಲ್ಲ, ಅಷ್ಟೇ. ಕೇಳಿ.

ಮನೆ ಸಾಲಕ್ಕೆ ಅರ್ಜಿ ಹಾಕಿದ್ದರೆ ಅದು ಮುಗಿಯುವವರೆಗೆ ಕೆಲಸ ಬದಲಾಯಿಸಬೇಡಿ. ಬ್ಯಾಂಕಿನವರು ಪೇಸ್ಲಿಪ್ ಕೇಳುತ್ತಾರೆ, ಪ್ರೊಬೇಷನ್ ಅಂದರೆ ಹಿಂದೆ ಸರಿಯುತ್ತಾರೆ.

ಹೆಜ್ಜೆ 10: ಮಧ್ಯದ ತಿಂಗಳುಗಳಿಗೆ ದುಡ್ಡು

ಕೊನೆಯ ತಿಂಗಳ ಸಂಬಳವನ್ನು ಎಷ್ಟೋ ಕಂಪನಿ ಫುಲ್ ಅಂಡ್ ಫೈನಲ್‌ಗೆ (ಕೊನೆಯ ಲೆಕ್ಕ ಚುಕ್ತಾ) ಅಂತ ಹಿಡಿದುಕೊಳ್ಳುತ್ತದೆ. ಹೊಸ ಕಡೆ ಮೊದಲ ಸಂಬಳ ಬರುವುದು ತಿಂಗಳು ದುಡಿದ ಮೇಲೆ. ಹಾಗಾಗಿ ಸುಮಾರು ಎರಡು ತಿಂಗಳು ಕೈ ಖಾಲಿ. ಆದರೆ ಬೈಕಿನ ಇಎಂಐ, ಚೀಟಿ, ಸಂಘದ ವಾರದ ಕಂತು ಯಾವುದೂ ಕಾಯುವುದಿಲ್ಲ. ಮೂರು ತಿಂಗಳ ಖರ್ಚು ಕೂಡಿಟ್ಟ ಮೇಲೆ ಹೆಜ್ಜೆ ಇಡಿ. ಆಗದಿದ್ದರೆ ಎರಡು ತಿಂಗಳದ್ದಾದರೂ ಇರಲಿ. ಬೆಂಗಳೂರಿಗೆ ಹೋಗುವವರಾದರೆ ಪಿಜಿ ಅಡ್ವಾನ್ಸ್ ಬೇರೆ ಸೇರಿಸಿ.

ಹೆಜ್ಜೆ 11: ರಾಜೀನಾಮೆ ಮತ್ತು ನೋಟಿಸ್

ಪತ್ರ ನಾಲ್ಕೇ ಸಾಲು ಸಾಕು. "ನಾನು ಈ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದ ಪ್ರಕಾರ ಇಂದಿನಿಂದ 30 ದಿನಗಳ ನೋಟಿಸ್ ನೀಡುತ್ತಿದ್ದೇನೆ. ನನ್ನ ಕೊನೆಯ ಕೆಲಸದ ದಿನ ಇಂಥದ್ದು. ಬಾಕಿ ಹಣ, ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ನೀಡಬೇಕಾಗಿ ಕೋರುತ್ತೇನೆ." ಯಾರ ಮೇಲೂ ದೂರು ಬೇಡ, ಕಾರಣದ ಕಥೆ ಬೇಡ. ಇಮೇಲ್ ಮಾಡಿ. ಇಮೇಲ್ ಇಲ್ಲದಿದ್ದರೆ ಎರಡು ಪ್ರತಿ ಕೊಟ್ಟು ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು, ವಾಟ್ಸ್‌ಆ್ಯಪ್‌ನಲ್ಲಿ ಬರೀ ಒಂದು ಸಾಲು ಹಾಕಿದ್ದು ಆಮೇಲೆ ನಿಲ್ಲುವುದಿಲ್ಲ.

ನೋಟಿಸ್ ಮುಗಿಸದೆ ನಾಳೆಯಿಂದ ಬರುವುದು ನಿಲ್ಲಿಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೈಲಿನಲ್ಲಿ 'ಹೇಳದೆ ಗೈರು' ಅಂತ ಬೀಳುತ್ತದೆ. ರಿಲೀವಿಂಗ್ ಸಿಗುವುದಿಲ್ಲ, ನೋಟಿಸ್ ದಿನಗಳ ಸಂಬಳವನ್ನೂ ಕಳೆಯುತ್ತಾರೆ. ಬೇಗ ಹೋಗಲೇಬೇಕಾದರೆ ಉಳಿದ ದಿನಗಳ ದುಡ್ಡು ಕಟ್ಟಿ ಬಿಡಬಹುದಾ ಅಂತ ಕೇಳಿ, ಹೊಸ ಕಂಪನಿ ಅದನ್ನು ಭರಿಸುತ್ತದಾ ಅಂತಲೂ ಕೇಳಿ. ಉಳಿದ ರಜೆಗಳನ್ನು ನೋಟಿಸ್‌ಗೆ ಹೊಂದಿಸಲು ಕೆಲವರು ಒಪ್ಪುತ್ತಾರೆ.

ಹೆಜ್ಜೆ 12: ಕೊನೆಯ ದಿನ ಚೀಲದಲ್ಲಿ ಏನಿರಬೇಕು?

ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ತಿಂಗಳ ಪೇಸ್ಲಿಪ್. ಐಡಿ ಕಾರ್ಡ್, ಟೂಲ್, ಶೂ ವಾಪಸ್ ಕೊಟ್ಟಿದ್ದಕ್ಕೆ ಸಹಿ. ಕಂಪನಿಯ ಪೇಸ್ಲಿಪ್ ಆ್ಯಪ್‌ಗೆ ಮಾರನೇ ದಿನದಿಂದ ಲಾಗಿನ್ ಆಗುವುದಿಲ್ಲ, ಹಾಗಾಗಿ ಎಲ್ಲ ಪೇಸ್ಲಿಪ್ ಮುಂಚೆಯೇ ಇಳಿಸಿಕೊಳ್ಳಿ.

ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಗ್ರಾಚ್ಯುಟಿಗೆ 30 ದಿನ. ಹಳೆಯ ರೂಢಿಯಲ್ಲಿ ನಲವತ್ತೈದು ದಿನ ಓಡಾಡಿಸುವ ಕಡೆಗಳಿವೆ. ಒಂದು ಕಡೆ ನನಗೇ ರಿಲೀವಿಂಗ್ ಲೆಟರ್ ಕೊಡಲು ಮೂರು ತಿಂಗಳು ಮಾಡಿದರು. ಸುಮ್ನೆ ಕಾಯಬೇಡಿ. ಮೊದಲು ಇಮೇಲ್, ಹತ್ತು ದಿನ ಬಿಟ್ಟು ಇನ್ನೊಂದು ಇಮೇಲ್, ಆಮೇಲೆ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಕಂಪನಿಯೂ ಹೊಣೆ, ಅದನ್ನು ಅರ್ಜಿಯಲ್ಲಿ ಬರೆಯಿರಿ.

ಹೆಜ್ಜೆ 13: ಪಿಎಫ್ ಬಿಡಿಸಬೇಡಿ, ವರ್ಗಾಯಿಸಿ

ಕೆಲಸ ಬಿಟ್ಟವರೆಲ್ಲ ಮೊದಲು ಕೇಳುವುದು "ಪಿಎಫ್ ಯಾವಾಗ ಬಿಡಿಸಬಹುದು?" ಅಂತ. ಸೈಬರ್ ಸೆಂಟರ್‌ನವರು ಬಿಡಿಸಿಯೂ ಕೊಡುತ್ತಾರೆ. ಅದರಲ್ಲಿ ಬೈಕ್ ಬರುತ್ತದೆ, ನಿಜ. ಹೋಗುವುದೇನು ಅಂತ ಕೇಳಿ.

ನಿಮ್ಮ 1,800ರ ಜೊತೆ ಕಂಪನಿ 1,800 ಹಾಕುತ್ತದೆ. ಅದರಲ್ಲಿ 1,250 ಪಿಂಚಣಿ ಖಾತೆಗೆ. ಒಟ್ಟು ಹತ್ತು ವರ್ಷ ಸೇವೆ ಸೇರಿದರೆ 58ಕ್ಕೆ ಪಿಂಚಣಿ ಹಕ್ಕು. 15,000 ಸಂಬಳಕ್ಕೆ ಹತ್ತು ವರ್ಷ ಅಂದರೆ 15,000ನ್ನು 10ರಿಂದ ಗುಣಿಸಿ 70ರಿಂದ ಭಾಗಿಸಿ, ತಿಂಗಳಿಗೆ 2,143. ಇಪ್ಪತ್ತೈದು ವರ್ಷಕ್ಕೆ, ಇಪ್ಪತ್ತು ತುಂಬಿದವರಿಗೆ ಸೇರಿಸುವ ಎರಡು ವರ್ಷವೂ ಕೂಡಿ, 5,786. ಪ್ರತಿ ಸಲ ಕೆಲಸ ಬಿಟ್ಟಾಗ ಪಿಂಚಣಿ ಹಣವನ್ನೂ ಬಿಡಿಸಿಕೊಂಡರೆ ಆ ವರ್ಷಗಳು ಅಳಿಸಿಹೋಗುತ್ತವೆ, ಮತ್ತೆ ಒಂದರಿಂದ ಎಣಿಕೆ. ಒಟ್ಟು ಐದು ವರ್ಷದೊಳಗೆ ಬಿಡಿಸಿದರೆ ತೆರಿಗೆಯೂ ಬೀಳಬಹುದು, 50,000 ದಾಟಿದರೆ ಟಿಡಿಎಸ್ (ಕೊಡುವಾಗಲೇ ಮುರಿಯುವ ತೆರಿಗೆ) ಹಿಡಿಯುತ್ತಾರೆ. ವರ್ಗಾಯಿಸಿದರೆ ಹಳೆಯ ಸೇವೆ ಹೊಸದಕ್ಕೆ ಸೇರುತ್ತದೆ.

ಹೊಸ ಕಂಪನಿಗೆ ಹಳೆಯ ಯುಎಎನ್ ನಂಬರನ್ನೇ ಕೊಡಿ. ಹೊಸದು ಮಾಡಿಸಿದರೆ ಎರಡನ್ನು ಜೋಡಿಸಲು ಓಡಾಡಬೇಕಾಗುತ್ತದೆ. ಆಧಾರ್‌ನಲ್ಲಿ ಇರುವ ಹೆಸರು, ಹುಟ್ಟಿದ ದಿನ ಪಿಎಫ್‌ನಲ್ಲೂ ಹಾಗೇ ಇದೆಯಾ ಅಂತ ಬಿಡುವ ಮುಂಚೆಯೇ ನೋಡಿ. ಇನಿಷಿಯಲ್ ಮುಂದೆ ಒಂದು ಕಡೆ, ಹಿಂದೆ ಇನ್ನೊಂದು ಕಡೆ ಇದ್ದರೂ ಅರ್ಜಿ ನಿಲ್ಲುತ್ತದೆ. ಹಳೆಯ ಕಂಪನಿ ಬಿಟ್ಟ ದಿನಾಂಕ ಹಾಕದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಎಲ್ಲ ಸರಿ ಇದ್ದರೆ ವರ್ಗಾವಣೆ ಎಷ್ಟೋ ಸಲ ತಾನಾಗೇ ಆಗುತ್ತದೆ. ಆಗದಿದ್ದರೆ ಆನ್‌ಲೈನ್ ಅರ್ಜಿ ಹಾಕಿ.

ಆದಾಯ ತೆರಿಗೆ ನಮ್ಮಲ್ಲಿ ಬಹಳ ಜನರಿಗೆ ಬರುವುದಿಲ್ಲ. 2025–26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಅದನ್ನು ಮುಟ್ಟುವವರು ಹಳೆಯ ಕಂಪನಿಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಲೇಬೇಕು.

ಹೆಜ್ಜೆ 14: ಮೊದಲ ಪೇಸ್ಲಿಪ್

ಹೊಸ ಕೆಲಸದ ಮೊದಲ ಸಂಬಳ ಬಂದ ದಿನ ಮನೆಗೆ ಸಿಹಿ ತೆಗೆದುಕೊಂಡು ಹೋಗಿ. ಅದೇ ಸಂಜೆ ಆಫರ್ ಲೆಟರ್‌ನ ಬ್ರೇಕಪ್ ಪಕ್ಕದಲ್ಲಿ ಪೇಸ್ಲಿಪ್ ಇಟ್ಟು ಒಂದೊಂದು ಸಾಲು ಹೋಲಿಸಿ. ಬೇಸಿಕ್ ಅದೇ ಇದೆಯಾ? ಯುಎಎನ್ ಹಳೆಯದೇನಾ? ಪಿಎಫ್ ಪಾಸ್‌ಬುಕ್‌ನಲ್ಲಿ ಹೊಸ ಕಂಪನಿಯ ಹೆಸರು ಬಂತಾ? ವ್ಯತ್ಯಾಸ ಇದ್ದರೆ ಮಾರನೇ ದಿನವೇ ಅಲ್ಲಿ ನನ್ನಂತೆ ಸಂಬಳದ ಪಟ್ಟಿ ಮಾಡುವವರ ಟೇಬಲ್ ಹತ್ತಿರ ಹೋಗಿ. ಮೊದಲ ತಿಂಗಳಲ್ಲಿ ಕೇಳಿದರೆ ಹತ್ತು ನಿಮಿಷದಲ್ಲಿ ಸರಿಮಾಡುತ್ತೇವೆ. ಎರಡು ವರ್ಷ ಬಿಟ್ಟು ಬಂದರೆ ನಮಗೂ ಕಷ್ಟ, ನಿಮಗೂ ಕಷ್ಟ.